ಗೆಳೆಯನ ಅಳತೆಗೆ ಒಂದು ಸರ್ಫ್‌ಬೋರ್ಡ್: ಮನೆಯಲ್ಲೇ ಕೈಯಾರೆ ಮಾಡುವ ಬಗೆ

"ನಿನಗೊಂದು ಬೋರ್ಡ್ ಮಾಡಿಕೊಡ್ತೀನಿ ಕಣೋ" ಅಂತ ಗೆಳೆಯನಿಗೆ ಮಾತು ಕೊಟ್ಟಿದ್ದೀರಾ? ಹಾಗಿದ್ದರೆ ಗರಗಸಕ್ಕೆ ಕೈ ಹಾಕುವ ಮೊದಲು ಎರಡು ದಿನ ಬೆಳಗ್ಗೆ ದಡದಲ್ಲಿ ಕೂತು ಅವನನ್ನು ನೋಡಿ. ಸುಮ್ನೆ ನೋಡಿ. ಒಂದು ಅಲೆ ಹಿಡಿಯಲು ಎಷ್ಟು ಸಲ ಕೈ ಬೀಸುತ್ತಾನೆ? ಏಳುವಾಗ ಮಂಡಿ ಊರುತ್ತಾನಾ? ನಿಂತ ಮೇಲೆ ಭಾರ ಹಿಂದಿನ ಕಾಲಿನ ಮೇಲೆ ಜಾಸ್ತಿಯೋ, ಮುಂದಿನದರ ಮೇಲೋ? ಬಿದ್ದರೆ ಬೋರ್ಡಿನ ಮೂತಿ ಮುಳುಗಿ ಬೀಳುತ್ತಾನೋ, ಬೋರ್ಡ್ ಹಿಂದೆ ಉಳಿದು ಬೀಳುತ್ತಾನೋ?

ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅಂಗಡಿಯ ಬೋರ್ಡನ್ನು ಯಾರಿಗೋ ಅಂತ ಮಾಡಿರುತ್ತಾರೆ. ನೀವು ಮಾಡುವುದು ಈ ಒಬ್ಬನಿಗೆ. ಆ ವ್ಯತ್ಯಾಸ ಇರುವುದು ಸಾಮಾನಿನಲ್ಲಲ್ಲ, ಈ ನೋಡುವುದರಲ್ಲಿ.

ನೋಡಿದ್ದಾದ ಮೇಲೆ ಕೇಳಿ. ತೂಕ ಎಷ್ಟು, ಎತ್ತರ ಎಷ್ಟು, ವಾರಕ್ಕೆ ಎಷ್ಟು ಸಲ ನೀರಿಗೆ ಇಳಿಯುತ್ತಾನೆ, ಇಳಿಯುವ ಜಾಗದ ಅಲೆ ಸಾಮಾನ್ಯವಾಗಿ ಎಷ್ಟು ಎತ್ತರ. "ಯಾವ ಬೋರ್ಡ್ ಬೇಕು?" ಅಂತ ಮಾತ್ರ ಮೊದಲೇ ಕೇಳಬೇಡಿ. ಹಾಗೆ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ತಮ್ಮ ಮೆಚ್ಚಿನ ಸರ್ಫರ್ ಓಡಿಸುವ ತೆಳ್ಳನೆಯ ಚೂಪು ಬೋರ್ಡನ್ನೇ ಹೇಳುತ್ತಾರೆ. ಅದರ ಮೇಲೆ ಅವರಿಗೆ ಅಲೆಯೇ ಸಿಗುವುದಿಲ್ಲ.

ಲೆಕ್ಕ ಹೀಗೆ. ಬೋರ್ಡ್ ಎಷ್ಟು ಭಾರ ತೇಲಿಸುತ್ತದೆ ಅನ್ನುವುದನ್ನು ಲೀಟರಿನಲ್ಲಿ ಅಳೆಯುತ್ತಾರೆ. ಈಗಷ್ಟೇ ಕಲಿಯುತ್ತಿರುವವರಿಗೆ ಅವರ ತೂಕ ಎಷ್ಟು ಕಿಲೋ ಇದೆಯೋ ಕಡೇ ಪಕ್ಷ ಅಷ್ಟು ಲೀಟರ್ ಇರಲಿ. ಎದ್ದು ನಿಂತು ಅಡ್ಡಕ್ಕೆ ಸಾಗುವುದು ಬಂದವರಿಗೆ ತೂಕದ ಅರ್ಧದಿಂದ ಮುಕ್ಕಾಲು ಪಾಲು. ತುಂಬಾ ಪಳಗಿದವರು ಅರ್ಧಕ್ಕಿಂತ ಕಡಿಮೆಯಲ್ಲೂ ಆರಾಮಾಗಿ ಇರುತ್ತಾರೆ. ಎರಡು ಅಳತೆಗಳ ನಡುವೆ ಗೊಂದಲವಾದರೆ ದೊಡ್ಡದನ್ನೇ ಆರಿಸಿ. ಬೋರ್ಡ್ ಸ್ವಲ್ಪ ದಪ್ಪಗಿದೆ ಅಂತ ಬೇಜಾರು ಮಾಡಿಕೊಂಡವರನ್ನು ನಾನು ನೋಡಿಲ್ಲ. ತೇಲುತ್ತಿಲ್ಲ ಅಂತ ಸರ್ಫಿಂಗನ್ನೇ ಬಿಟ್ಟವರನ್ನು ನೋಡಿದ್ದೇನೆ.

ಉದಾಹರಣೆಗೆ ಈ ಲೇಖನದ ಉದ್ದಕ್ಕೂ ಒಂದೇ ಬೋರ್ಡ್ ಹಿಡಿದು ಹೋಗೋಣ. ಗೆಳೆಯನ ತೂಕ 70 ಕಿಲೋ. ಎದ್ದು ನಿಲ್ಲಬಲ್ಲ, ತಿರುಗಿಸಲು ಕಲಿಯುತ್ತಿದ್ದಾನೆ. ಅಲೆ ಸೊಂಟದಿಂದ ಎದೆಯ ಮಟ್ಟ. ಅವನಿಗೆ 7 ಅಡಿ 2 ಇಂಚು ಉದ್ದ, 22 ಇಂಚು ಅಗಲ, ನಡುವೆ 2¾ ಇಂಚು ದಪ್ಪದ, ಮೊಟ್ಟೆಯಾಕಾರದ ಬೋರ್ಡ್. ಇದು ಹತ್ತಿರ ಹತ್ತಿರ 48 ಲೀಟರ್ ಆಗುತ್ತದೆ. ಮಾಡುವವರಿಗೂ ಇದು ಒಳ್ಳೆಯ ಮೊದಲ ಬೋರ್ಡ್. ಗೆರೆಗಳೆಲ್ಲ ನಿಧಾನವಾಗಿ ಬಾಗುತ್ತವೆ, ಸಣ್ಣ ತಪ್ಪು ಆದರೆ ಎದ್ದು ಕಾಣುವುದಿಲ್ಲ.

ಮೊದಲಿಗೆ ಸ್ವಲ್ಪ ಹಿಂದಕ್ಕೆ

ಹವಾಯಿಯಲ್ಲಿ ಬೋರ್ಡ್ ಮಾಡುವುದು ಪೂಜೆಯಷ್ಟೇ ದೊಡ್ಡ ಕೆಲಸವಾಗಿತ್ತು. ಮರ ಕಡಿಯುವ ಮೊದಲು ಬುಡದಲ್ಲಿ ಕೆಂಪು ಕುಮು ಮೀನು ಇಟ್ಟು ಪ್ರಾರ್ಥಿಸುತ್ತಿದ್ದರು. ಕಡಿದ ತುಂಡನ್ನು ಕಲ್ಲಿನ ಉಳಿಯಿಂದ ಕೆತ್ತಿ, ಒರಟು ಹವಳದಿಂದ ಉಜ್ಜಿ ನುಣುಪು ಮಾಡುತ್ತಿದ್ದರು. ಅರಸರ ಉದ್ದನೆಯ ಬೋರ್ಡಿಗೆ ಓಲೋ ಅಂತ ಹೆಸರು, ಅದಕ್ಕೆ ಹಗುರವಾದ ವಿಲಿವಿಲಿ ಮರ. ಅಲಾಯಾ ಅನ್ನುವ ತೆಳ್ಳನೆಯ ಬೋರ್ಡಿಗೆ ಕೋವಾ ಅಥವಾ ದೀವಿ ಹಲಸಿನ ಮರ. ಯಾರಿಗೆ ಯಾವ ಬೋರ್ಡ್ ಅನ್ನುವುದು ಆಗಲೇ ನಿಗದಿಯಾಗಿತ್ತು, ಅಲ್ವಾ?

ನನಗೆ ಇದಕ್ಕಿಂತ ಇಷ್ಟವಾದದ್ದು ಹವಾಯಿಯ ಈಜುಗಾರ ಡ್ಯೂಕ್ ಕಹಾನಮೊಕು ಕಥೆ. 1914ರ ಕೊನೆಗೆ ಈಜು ಪ್ರದರ್ಶನಕ್ಕೆ ಅಂತ ಸಿಡ್ನಿಗೆ ಹೋದಾಗ ಅವರ ಹತ್ತಿರ ಬೋರ್ಡ್ ಇರಲಿಲ್ಲ. ಅಲ್ಲಿ ಸಿಕ್ಕ ಶುಗರ್ ಪೈನ್ ಮರದಿಂದ ತಾವೇ ಒಂದನ್ನು ಕೆತ್ತಿದರು. ಫ್ರೆಶ್‌ವಾಟರ್ ಕಡಲ ತೀರದಲ್ಲಿ ಅದರ ಮೇಲೆ ನಿಂತು ಜನರಿಗೆ ತೋರಿಸಿದರು. ಹೊರಡುವಾಗ ಅದನ್ನು ಕ್ಲಾಡ್ ವೆಸ್ಟ್ ಅನ್ನುವ ಹುಡುಗನಿಗೆ ಕೊಟ್ಟು ಹೋದರು. ಆ ಹಲಗೆ ಇವತ್ತಿಗೂ ಅಲ್ಲಿನ ಸರ್ಫ್ ಕ್ಲಬ್ಬಿನಲ್ಲಿದೆ. ಒಂದು ಊರಿನ ಸರ್ಫಿಂಗ್ ಬೆಳೆದದ್ದು ಒಬ್ಬರು ಮಾಡಿ ಇನ್ನೊಬ್ಬರಿಗೆ ಕೊಟ್ಟ ಬೋರ್ಡಿನಿಂದ. ಮರದ ಕಾಲ ಮುಗಿದದ್ದು ಆಮೇಲೆ. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಪಾಲಿಯುರೆಥೇನ್ ಫೋಮಿನ ಬೋರ್ಡುಗಳನ್ನು ತಂದರು, ಕೆಲವೇ ವರ್ಷಗಳಲ್ಲಿ ಎಲ್ಲರೂ ಅದಕ್ಕೇ ಬಂದರು.

ಸಾಮಾನು

ಬ್ಲಾಂಕ್ ಅಂದರೆ ಬೋರ್ಡ್ ಆಗಲಿರುವ ಫೋಮಿನ ತುಂಡು. ಎರಡು ಜಾತಿ ಇದೆ. ಒಂದು ಪಾಲಿಯುರೆಥೇನ್. ಇನ್ನೊಂದು ಇಪಿಎಸ್, ಅಂದರೆ ನಾವು ಥರ್ಮಾಕೋಲ್ ಅನ್ನುವುದೇ. ಆದರೆ ಟಿವಿ ಡಬ್ಬದಲ್ಲಿ ಬರುವ ಪುಡಿಪುಡಿ ಥರ್ಮಾಕೋಲ್ ಅಲ್ಲ. ಘನ ಮೀಟರಿಗೆ 24ರಿಂದ 32 ಕಿಲೋ ತೂಗುವ ಗಟ್ಟಿ ಜಾತಿ ಬೇಕು. ರೆಸಿನ್ ಅಂದರೆ ಗಾಜಿನ ಬಟ್ಟೆಯನ್ನು ಫೋಮಿಗೆ ಹಿಡಿಸಿ ಗಟ್ಟಿಯಾಗುವ ದ್ರವ. ಮನೆಯಲ್ಲಿ ಮಾಡುವವರಿಗೆ ಇಪಿಎಸ್ ಮತ್ತು ಎಪಾಕ್ಸಿ ರೆಸಿನ್ ಜೋಡಿಯೇ ಒಳ್ಳೆಯದು. ಎಪಾಕ್ಸಿಗೆ ವಾಸನೆ ಕಡಿಮೆ, ನಿಧಾನವಾಗಿ ಗಟ್ಟಿಯಾಗುವುದರಿಂದ ಕೈಗೆ ಸಮಯ ಸಿಗುತ್ತದೆ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಇಪಿಎಸ್ ಮೇಲೆ ಪಾಲಿಯೆಸ್ಟರ್ ರೆಸಿನ್ ಸುರಿಯಲೇಬಾರದು. ಅದು ಫೋಮನ್ನು ಕರಗಿಸಿ ಗುಂಡಿ ಮಾಡುತ್ತದೆ. ವಾರದ ಕೆಲಸ ನಿಮಿಷಗಳಲ್ಲಿ ಹಾಳು.

ಬ್ಲಾಂಕಿನ ನಡುವೆ ಮೂತಿಯಿಂದ ಬಾಲದವರೆಗೆ ತೆಳು ಮರದ ಪಟ್ಟಿ ಇರುತ್ತದೆ. ಅದು ಸ್ಟ್ರಿಂಗರ್. ಬೋರ್ಡಿನ ಬೆನ್ನೆಲುಬು ಅದು. ಬದಿಯಿಂದ ನೋಡಿದಾಗ ಕಾಣುವ ಬಾಗಿಗೆ ರಾಕರ್ ಅನ್ನುತ್ತಾರೆ. ಫೋಮಿನ ದೊಡ್ಡ ಇಟ್ಟಿಗೆ ತಂದು ಬಿಸಿ ತಂತಿಯಿಂದ ರಾಕರ್ ಕತ್ತರಿಸಿ, ನಡುವೆ ಸೀಳಿ ಮರ ಅಂಟಿಸಬಹುದು ನಿಜ. ಆದರೆ ಮೊದಲ ಬೋರ್ಡಿಗೆ ಬೇಡ. ಸ್ಟ್ರಿಂಗರ್ ಕೂರಿಸಿ ರಾಕರ್ ಕತ್ತರಿಸಿದ ಬ್ಲಾಂಕನ್ನೇ ಕೊಳ್ಳಿ. ನಮ್ಮ ಬೋರ್ಡಿಗೆ ಮೂತಿಯಲ್ಲಿ ನಾಲ್ಕು ಇಂಚಿನ ಆಸುಪಾಸು, ಬಾಲದಲ್ಲಿ ಎರಡು ಇಂಚಿನ ಆಸುಪಾಸು ಬಾಗಿದ್ದರೆ ಸಾಕು.

ಉಳಿದದ್ದು: 6 ಔನ್ಸ್ ಫೈಬರ್‌ಗ್ಲಾಸ್ ಬಟ್ಟೆ, ಅಂದರೆ ಚದರ ಮೀಟರಿಗೆ 200 ಗ್ರಾಂನದು. ಗಟ್ಟಿಯಾಗಿಸುವ ಹಾರ್ಡ್‌ನರ್ ಸೇರಿ ಸುಮಾರು 3 ಲೀಟರ್ ಎಪಾಕ್ಸಿ. ಸಣ್ಣ ಹಲ್ಲಿನ ಗರಗಸ, ಸರ್‌ಫಾರ್ಮ್ ಅನ್ನುವ ತುರಿಯುವ ಅರ, ಉದ್ದನೆಯ ಸ್ಯಾಂಡಿಂಗ್ ಹಲಗೆ, 40ರಿಂದ 220ರವರೆಗಿನ ಸ್ಯಾಂಡ್‌ಪೇಪರ್, ಸ್ಟ್ರಿಂಗರಿನ ಮರ ಕೀಸಲು ಅಂಗೈಯಗಲದ ಪ್ಲೇನ್, ದಪ್ಪ ಅಳೆಯಲು ಕ್ಯಾಲಿಪರ್. ಎಲೆಕ್ಟ್ರಿಕ್ ಪ್ಲೇನರ್ ಇದ್ದರೆ ಕೆಲಸ ಬೇಗ ಆಗುತ್ತದೆ, ತಪ್ಪೂ ಅಷ್ಟೇ ಬೇಗ ಆಗುತ್ತದೆ. ಮೊದಲ ಬೋರ್ಡಿಗೆ ನಾನು ಅದನ್ನು ಹೇಳುವುದಿಲ್ಲ.

ದೂಳಿಗೆ ಎನ್95 ಮಾಸ್ಕ್. ರೆಸಿನ್ ಹೊತ್ತಿಗೆ ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್, ನೈಟ್ರೈಲ್ ಗ್ಲೌಸ್. ಇದರಲ್ಲಿ ರಾಜಿ ಬೇಡ. ಎಪಾಕ್ಸಿ ಪದೇಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಹಿಡಿಯುತ್ತದೆ. ಒಮ್ಮೆ ಹಿಡಿದರೆ ಅದು ಹೋಗುವುದಿಲ್ಲ. ಆಮೇಲೆ ಈ ಕೆಲಸವನ್ನೇ ಬಿಡಬೇಕಾಗುತ್ತದೆ.

ಅಚ್ಚು

3 ಮಿಲಿಮೀಟರ್ ಪ್ಲೈವುಡ್ ತಗೊಳ್ಳಿ. ಅದರ ಮೇಲೆ ಬೋರ್ಡಿನ ಅರ್ಧವನ್ನು ಮಾತ್ರ ಬಿಡಿಸಿ. ನೇರ ಅಂಚು ಸ್ಟ್ರಿಂಗರ್ ಆಗಿರಲಿ. ಮೂತಿಯಿಂದ 12 ಇಂಚು ಒಳಗೆ ಪೂರ್ತಿ ಅಗಲ 17½ ಇಂಚು ಬರಬೇಕು, ಹಾಗಾಗಿ ಅದರ ಅರ್ಧಕ್ಕೆ ಚುಕ್ಕಿ ಇಡಿ. ಬಾಲದಿಂದ 12 ಇಂಚು ಒಳಗೆ 15½ರ ಅರ್ಧ. ನಡುವಿಗಿಂತ ಒಂದು ಇಂಚು ಮುಂದಕ್ಕೆ 22ರ ಅರ್ಧ. ಒಂದೊಂದು ಚುಕ್ಕಿಗೂ ಸಣ್ಣ ಮೊಳೆ ಹೊಡೆದು, ತೆಳುವಾದ ಮರದ ಪಟ್ಟಿಯೊಂದನ್ನು ಅವುಗಳಿಗೆ ತಾಗಿಸಿ ಬಾಗಿಸಿ. ಆ ಪಟ್ಟಿ ತಾನಾಗೇ ಹಿಡಿಯುವ ಬಾಗು ನಿಮ್ಮ ಕೈ ಎಳೆಯುವ ಯಾವ ಗೆರೆಗಿಂತಲೂ ಚೆಂದ. ಪೆನ್ಸಿಲ್ ಓಡಿಸಿ, ಕತ್ತರಿಸಿ, ಅಂಚನ್ನು ನುಣುಪಾಗಿ ಉಜ್ಜಿ.

ಅಚ್ಚನ್ನು ಗೋಡೆಗೆ ಒರಗಿಸಿ ದೂರದಿಂದ ನೋಡಿ. ಮಲಗಿಸಿ, ಬಾಲದ ಕಡೆಯಿಂದ ಒಂದೇ ಕಣ್ಣಿನಲ್ಲಿ ನೋಡಿ. ಉಬ್ಬು ಇದ್ದರೆ ಈಗಲೇ ಸರಿ ಮಾಡಿ. ಈ ಅಚ್ಚನ್ನು ಜೋಪಾನ ಮಾಡಿ ಇಡಿ, ಮೇಲೆ ಗೆಳೆಯನ ಹೆಸರು ಬರೆದು.

ಬ್ಲಾಂಕಿನ ತಳಭಾಗ ಮೇಲೆ ಬರುವಂತೆ ಸ್ಟ್ಯಾಂಡಿನ ಮೇಲಿಟ್ಟು, ಅಚ್ಚನ್ನು ಸ್ಟ್ರಿಂಗರಿಗೆ ಸರಿಯಾಗಿ ಕೂರಿಸಿ ಒಂದು ಬದಿ ಗುರುತು ಮಾಡಿ. ಅಚ್ಚನ್ನು ಮಗುಚಿ ಇನ್ನೊಂದು ಬದಿ ಮಾಡಿ. ಒಂದೇ ಅರ್ಧದಿಂದ ಎರಡೂ ಬದಿ ಬಂದದ್ದರಿಂದ ಎಡ ಬಲ ಒಂದೇ ಸಮ ಇರುತ್ತದೆ. ಗೆರೆಯಿಂದ ಕಾಲು ಇಂಚು ಹೊರಗೆ ಗರಗಸ ಹಾಕಿ, ಉಳಿದದ್ದನ್ನು ಸ್ಯಾಂಡಿಂಗ್ ಹಲಗೆಯಿಂದ ತನ್ನಿ. ಗರಗಸ ನೆಟ್ಟಗೆ ನಿಂತಿರಲಿ. ವಾಲಿದರೆ ಮೇಲೆ ಒಂದು ಅಳತೆ, ಕೆಳಗೆ ಒಂದು ಅಳತೆ ಆಗುತ್ತದೆ.

ಬೆಳಕು ಹೇಳಿದಂತೆ ಕೇಳಿ

ಶೇಪಿಂಗ್, ಅಂದರೆ ಫೋಮಿಗೆ ರೂಪ ಕೊಡುವುದನ್ನು ಕಲಿಯಲು ಬಂದವರಿಗೆ ನಾನು ಮೊದಲು ತೋರಿಸುವುದು ಟ್ಯೂಬ್‌ಲೈಟ್. ಚಾವಣಿಯ ಲೈಟ್ ಆರಿಸಿ. ಬೋರ್ಡಿನ ಎರಡೂ ಬದಿಗೆ, ಬೋರ್ಡಿನ ಮಟ್ಟಕ್ಕೆ ಅಥವಾ ಒಂದು ಗೇಣು ಮೇಲಕ್ಕೆ, ಉದ್ದಕ್ಕೆ ಒಂದೊಂದು ಟ್ಯೂಬ್‌ಲೈಟ್ ಕಟ್ಟಿ. ಗೋಡೆ ಗಾಢ ಬಣ್ಣದ್ದಾದರೆ ಇನ್ನೂ ಒಳ್ಳೆಯದು. ಮೇಲಿನ ಬೆಳಕಿನಲ್ಲಿ ಬೆಣ್ಣೆಯ ಹಾಗೆ ನುಣ್ಣಗೆ ಕಾಣುತ್ತಿದ್ದ ಫೋಮ್ ಈಗ ಗುಡ್ಡ ಹಳ್ಳದ ನಕ್ಷೆ ಆಗುತ್ತದೆ. ಒಂದೊಂದು ಗೀರಿಗೂ ನೆರಳು ಬೀಳುತ್ತದೆ. ನೆರಳಿನ ಗೆರೆ ಮೂತಿಯಿಂದ ಬಾಲದವರೆಗೆ ಮುರಿಯದೆ ಓಡಿದರೆ ಸರಿ ಇದೆ ಅಂತ ಅರ್ಥ. ನಡುವೆ ಎಲ್ಲಾದರೂ ಕೊಂಕಿದರೆ ಅಲ್ಲಿ ಕೈ ಆಡಿಸಿ, ಕಣ್ಣು ಕಂಡದ್ದನ್ನು ಬೆರಳು ಹೌದು ಅನ್ನುತ್ತದೆ.

ಮೊದಲು ತಳ. ಪಾಲಿಯುರೆಥೇನ್ ಬ್ಲಾಂಕಿನ ಮೇಲ್ಪದರ ಗಟ್ಟಿ, ಒಳಗೆ ಹೋದಷ್ಟೂ ಮೆತ್ತಗೆ. ಹಾಗಾಗಿ ಅದನ್ನು ಆದಷ್ಟು ಕಡಿಮೆ ತೆಗೆಯಬೇಕು. ಇಪಿಎಸ್ ಒಳಗೂ ಹೊರಗೂ ಒಂದೇ, ಆ ಚಿಂತೆ ಇಲ್ಲ. ತಳವನ್ನು ಸಪಾಟು ಮಾಡಿ, ಬಾಲದ ಕಡೆಯ ಮೂರನೇ ಒಂದು ಪಾಲಿನಲ್ಲಿ ಸ್ಟ್ರಿಂಗರಿನಿಂದ ಎರಡೂ ಅಂಚಿಗೆ ತುಸು ಇಳಿಜಾರು ಕೊಡಿ. ಇದಕ್ಕೆ ವೀ ಅನ್ನುತ್ತಾರೆ. ಬೋರ್ಡ್ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳಲು ಇದರಿಂದ ಸಲೀಸು. ತಿರುಗಿಸಲು ಕಲಿಯುತ್ತಿರುವ ನಮ್ಮ ಗೆಳೆಯನಿಗೆ ಬೇಕಾದದ್ದು ಇದೇ.

ಆಮೇಲೆ ಮಗುಚಿ ಮೇಲ್ಭಾಗ. ನಡುವಿನ ದಪ್ಪ 2¾ ಇಂಚು. ಮೂತಿಯಿಂದಲೂ ಬಾಲದಿಂದಲೂ 12 ಇಂಚು ಒಳಗೆ ಒಂದೂವರೆ ಇಂಚಿನ ಸುತ್ತಮುತ್ತ. ಈ ಇಳಿಕೆ ಮೆಟ್ಟಿಲಾಗದೆ ಜಾರುತ್ತಾ ಹೋಗಬೇಕು. ಎರಡು ಸಲ ಉಜ್ಜಿ ಒಂದು ಸಲ ಕ್ಯಾಲಿಪರ್ ಇಡಿ. ತೆಗೆದ ಫೋಮನ್ನು ವಾಪಸ್ ಹಾಕಲು ಬರುವುದಿಲ್ಲ.

ಕಷ್ಟ ಇರುವುದು ಅಂಚಿನಲ್ಲಿ, ಅಂದರೆ ರೇಲಿನಲ್ಲಿ. ಕಣ್ಣಳತೆಯಲ್ಲೇ ದುಂಡಗೆ ಮಾಡಲು ಹೋಗಬೇಡಿ. ಪಟ್ಟಿ ಪಟ್ಟಿಯಾಗಿ ಇಳಿಸಿ. ಬದಿಯಲ್ಲಿ ತಳದಿಂದ ಒಂದು ಇಂಚು ಮೇಲೆ ಉದ್ದಕ್ಕೂ ಪೆನ್ಸಿಲ್ ಗೆರೆ. ಮೇಲ್ಭಾಗದಲ್ಲಿ ಅಂಚಿನಿಂದ ಮೂರು ಇಂಚು ಒಳಗೆ ಇನ್ನೊಂದು ಗೆರೆ. ಮೂತಿ, ಬಾಲದ ಹತ್ತಿರ ಈ ಅಂತರ ಕಡಿಮೆ ಆಗುತ್ತಾ ಹೋಗಲಿ. ಎರಡು ಗೆರೆಗಳ ನಡುವಿನ ಮೂಲೆಯನ್ನು ಒಂದು ಚಪ್ಪಟೆ ಪಟ್ಟಿಯಾಗಿ ತೆಗೆಯಿರಿ. ಈಗ ಒಂದು ಮೂಲೆ ಹೋಗಿ ಎರಡು ಮೂಲೆ ಬಂದಿರುತ್ತವೆ. ಅವುಗಳನ್ನೂ ಹಾಗೇ ತೆಗೆಯಿರಿ. ಮೂರನೇ ಸಲಕ್ಕೆ ಅಂಚು ಹೆಚ್ಚು ಕಡಿಮೆ ದುಂಡಗೆ ಆಗಿರುತ್ತದೆ. ಕೊನೆಗೆ ಸ್ಯಾಂಡಿಂಗ್ ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದು, ಬೂಟು ಪಾಲಿಷ್ ಮಾಡುವ ಹಾಗೆ ಅಂಚಿನ ಮೇಲೆ ಎಳೆದಾಡಿ. ತಳದ ಕಡೆಯ ಮೂಲೆಯನ್ನೂ ಅರ್ಧ ಇಂಚಿನಷ್ಟು ದುಂಡಗೆ ಮಾಡಿ. ಆದರೆ ಬಾಲದ ಕೊನೆಯ ಒಂದೂವರೆ ಅಡಿಯಲ್ಲಿ ಆ ಮೂಲೆ ಚೂಪಾಗೇ ಇರಲಿ. ನೀರು ಅಲ್ಲಿ ಅಂಟಿಕೊಳ್ಳದೆ ಬಿಟ್ಟು ಹೋಗಬೇಕು, ಬೋರ್ಡಿಗೆ ವೇಗ ಬರುವುದು ಅದರಿಂದ.

ಇಪಿಎಸ್ ಮೇಲೆ ಮೊಂಡು ಅರ ಹಾಕಿದರೆ ಮಣಿಗಳು ಕಿತ್ತು ಬರುತ್ತವೆ. ಹೊಸ ಬ್ಲೇಡ್, ಹಗುರ ಕೈ. ಕಿತ್ತು ಬಂದ ಜಾಗ ಕಂಡರೆ ಗಾಬರಿ ಬೇಡ, ಆಮೇಲೆ ತುಂಬಬಹುದು.

ಎರಡೂ ಬದಿ ಸಮ ಇದೆಯಾ ಅಂತ ನೋಡಲು ನನ್ನದೊಂದು ರೂಢಿ ಇದೆ. ಕಣ್ಣು ಮುಚ್ಚಿ, ಎರಡೂ ಕೈಯಿಂದ ಎರಡೂ ರೇಲನ್ನು ಒಟ್ಟಿಗೆ ಹಿಡಿದು ಮೂತಿಯಿಂದ ಬಾಲದವರೆಗೆ ನಿಧಾನವಾಗಿ ನಡೆಯುತ್ತೇನೆ. ಕಣ್ಣು ತನಗೆ ಬೇಕಾದ್ದನ್ನು ನೋಡಿಬಿಡುತ್ತದೆ. ಅಂಗೈ ಹಾಗೆ ಮಾಡುವುದಿಲ್ಲ.

ಈಗ ಪೆನ್ಸಿಲ್ ತಗೊಳ್ಳಿ. ತಳದಲ್ಲಿ ಸ್ಟ್ರಿಂಗರಿನ ಪಕ್ಕಕ್ಕೆ ಉದ್ದ, ಅಗಲ, ದಪ್ಪ ಬರೆಯಿರಿ. ಗೆಳೆಯನ ಹೆಸರು ಬರೆಯಿರಿ. ನಿಮ್ಮ ಸಹಿ ಹಾಕಿ. ಎಲ್ಲ ಶೇಪರ್‌ಗಳೂ ಮಾಡುವ ಕೆಲಸ ಇದು. ಪೆನ್ನಿನ ಶಾಯಿ ರೆಸಿನ್ನಿಗೆ ಹರಡಿಬಿಡಬಹುದು, ಪೆನ್ಸಿಲ್ ಹರಡುವುದಿಲ್ಲ. ಗಾಜಿನ ಬಟ್ಟೆಯ ಅಡಿಗೆ ಹೋದ ಮೇಲೆ ಆ ಬರಹಕ್ಕೆ ನೀರೂ ತಾಗುವುದಿಲ್ಲ, ಬೆರಳೂ ತಾಗುವುದಿಲ್ಲ. ನಾನು ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಆ ಗೆಳೆಯನಿಗೆ ಮಾತ್ರ ಅರ್ಥವಾಗುವ ಒಂದು ಸಾಲು ಬರೆಯುತ್ತೇನೆ.

ಗಾಜಿನ ಬಟ್ಟೆ ಹೊದಿಸುವುದು

ಸಂಜೆ ಶುರು ಮಾಡಿ. ಇದಕ್ಕೆ ಕಾರಣ ಇದೆ. ಫೋಮಿನ ಒಳಗೆ ಗಾಳಿ ಇರುತ್ತದೆ. ಬೆಳಗ್ಗೆ ಬಿಸಿಲೇರುವಾಗ ಆ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ಹಸಿ ರೆಸಿನ್ನಿನಲ್ಲಿ ಗುಳ್ಳೆ ಏಳುತ್ತದೆ. ಸಂಜೆ ತಣ್ಣಗಾಗುವಾಗ ಗಾಳಿ ಕುಗ್ಗಿ ರೆಸಿನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇದು ಗೊತ್ತಿಲ್ಲದೆ ನನ್ನ ಎರಡನೇ ಬೋರ್ಡನ್ನು ಬೆಳಗ್ಗೆ ಒಂಬತ್ತಕ್ಕೆ ಗ್ಲಾಸ್ ಮಾಡಿದ್ದೆ. ಮಧ್ಯಾಹ್ನದ ಹೊತ್ತಿಗೆ ತಳದ ತುಂಬಾ ಗುಳ್ಳೆ. ಒಂದೊಂದನ್ನೂ ಕೊರೆದು ತುಂಬಲು ಮೂರು ದಿನ ಹಿಡಿಯಿತು.

ಮೊದಲು ಫೋಮಿನ ಸಣ್ಣ ರಂಧ್ರಗಳನ್ನು ಮುಚ್ಚಬೇಕು. ಎಪಾಕ್ಸಿಗೆ ಮೈಕ್ರೋಬಲೂನ್ ಅನ್ನುವ ಹಗುರ ಟೊಳ್ಳು ಮಣಿಗಳ ಪುಡಿ ಕಲಸಿ ತೆಳ್ಳಗೆ ಎಳೆಯಿರಿ. ಒಣಗಿದ ಮೇಲೆ ಹಗುರವಾಗಿ ಉಜ್ಜಿ. ಬಟ್ಟೆಯನ್ನು ತಳದ ಮೇಲೆ ಹಾಸಿ, ಸುಕ್ಕಿಲ್ಲದಂತೆ ಕೈಯಿಂದ ಸವರಿ. ರೇಲ್ ದಾಟಿ ಎರಡು ಇಂಚು ಕೆಳಗೆ ಮಡಚಿಕೊಳ್ಳುವಷ್ಟು ಬಿಟ್ಟು ಕತ್ತರಿಸಿ. ಮೂತಿ, ಬಾಲದ ಬಾಗಿನಲ್ಲಿ ಅಲ್ಲಲ್ಲಿ ಸೀಳು ಕೊಡಿ, ಇಲ್ಲದಿದ್ದರೆ ಅಲ್ಲಿ ಬಟ್ಟೆ ಗುಪ್ಪೆಯಾಗುತ್ತದೆ.

ರೆಸಿನ್, ಹಾರ್ಡ್‌ನರ್ ಪ್ರಮಾಣ ಡಬ್ಬದ ಮೇಲೆ ಹೇಗಿದೆಯೋ ಹಾಗೆ. ಹಲವಕ್ಕೆ ಎರಡಕ್ಕೆ ಒಂದು. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕಿದರೆ ಎಪಾಕ್ಸಿ ಕೊನೆಗೂ ಸರಿಯಾಗಿ ಗಟ್ಟಿಯಾಗುವುದಿಲ್ಲ, ಅಂಟಂಟಾಗೇ ಉಳಿಯುತ್ತದೆ. ತಕ್ಕಡಿಯಲ್ಲೋ ಗೆರೆ ಇರುವ ಕಪ್ಪಿನಲ್ಲೋ ಅಳೆದು, ತಳ ಬದಿ ಎಲ್ಲ ಕೆರೆದು ಎರಡು ಮೂರು ನಿಮಿಷ ಕಲಸಿ. ಕಲಸಿದ ಮೇಲೆ ಬಕೆಟ್ಟಿನಲ್ಲಿ ಇಟ್ಟುಕೊಂಡು ಕೂರಬೇಡಿ. ಒಂದೇ ಕಡೆ ರಾಶಿ ಇದ್ದರೆ ತನ್ನದೇ ಬಿಸಿಗೆ ಕಾದು ಹೊಗೆಯಾಡಿ ಕಲ್ಲಾಗುತ್ತದೆ. ಬೋರ್ಡಿನ ನಡುವೆ ಉದ್ದಕ್ಕೆ ಸುರಿದುಬಿಡಿ.

ಈಗ ಸ್ಕ್ವೀಜಿ ಅನ್ನುವ ರಬ್ಬರ್ ಪಟ್ಟಿ ಹಿಡಿದು ನಡುವಿನಿಂದ ಅಂಚಿಗೆ ಎಳೆಯಿರಿ. ಇಲ್ಲಿ ಒಂದು ಕ್ಷಣ ನಿಂತು ನೋಡಬೇಕಾದ್ದಿದೆ. ಬೆಳ್ಳಗಿದ್ದ ಬಟ್ಟೆ ರೆಸಿನ್ ಕುಡಿಯುತ್ತಿದ್ದ ಹಾಗೇ ಮಾಯವಾಗುತ್ತದೆ. ಅಡಿಯ ಪೆನ್ಸಿಲ್ ಬರಹ ನೀರಿನೊಳಗಿನಿಂದ ಎದ್ದ ಹಾಗೆ ಕಾಣಿಸುತ್ತದೆ. ಎಲ್ಲಾದರೂ ಬಿಳಿ ಮಚ್ಚೆ ಉಳಿದಿದ್ದರೆ ಅಲ್ಲಿ ರೆಸಿನ್ ಸಾಲದು. ಕೆರೆಯ ಹಾಗೆ ಹೊಳೆಯುತ್ತಿದ್ದರೆ ಜಾಸ್ತಿಯಾಗಿದೆ, ಬಟ್ಟೆ ತೇಲುತ್ತಿದೆ. ಅದನ್ನು ಎಳೆದು ತೆಗೆಯಿರಿ. ನೇಯ್ಗೆಯ ಎಳೆ ಮಂದವಾಗಿ ಕಾಣುತ್ತಿದ್ದರೆ ಅದೇ ಹದ. ಇಳಿಬಿದ್ದ ಅಂಚನ್ನು ರೇಲಿನ ಕೆಳಗೆ ಮಡಚಿ ಅಂಟಿಸಿ, ಗಾಳಿ ಉಳಿಯದಂತೆ ಒತ್ತಿ.

ಮಾರನೇ ದಿನ ಅಂಚನ್ನು ಉಜ್ಜಿ ಸಮ ಮಾಡಿ, ಮಗುಚಿ, ಮೇಲ್ಭಾಗಕ್ಕೆ ಎರಡು ಪದರ ಹಾಕಿ. ಕಾಲು ಊರುವ ಜಾಗ ಅದು, ಒಂದು ಪದರ ಸಾಲುವುದಿಲ್ಲ. ಆಮೇಲೆ ಎರಡೂ ಕಡೆಗೆ ಬ್ರಷ್ಷಿನಿಂದ ಒಂದೊಂದು ತೆಳು ರೆಸಿನ್ ಪದರ ಕೊಡಿ. ಇದಕ್ಕೆ ಹಾಟ್ ಕೋಟ್ ಅನ್ನುತ್ತಾರೆ. ನೇಯ್ಗೆಯ ಗುಳಿ ತುಂಬಿ, ಉಜ್ಜಲು ಒಂದು ಪದರ ಸಿಗುವುದು ಇದರಿಂದ.

ಗ್ಲೌಸ್ ಹರಿದು ಕೈಗೆ ರೆಸಿನ್ ತಾಗಿದರೆ ಅಸಿಟೋನ್ ಹಾಕಿ ಒರೆಸಬೇಡಿ, ಅದು ರೆಸಿನ್ನನ್ನು ಚರ್ಮದ ಒಳಕ್ಕೇ ಇಳಿಸುತ್ತದೆ. ಕಾಗದದಿಂದ ಒರೆಸಿ, ಸೋಪು ನೀರಿನಲ್ಲಿ ತೊಳೆಯಿರಿ.

ಫಿನ್, ಲೀಶ್

ಫಿನ್ ಅಂದರೆ ಬೋರ್ಡಿನ ಅಡಿಗೆ, ಬಾಲದ ಹತ್ತಿರ ಇರುವ ಮೀನಿನ ರೆಕ್ಕೆಯಂಥದ್ದು. ಬೋರ್ಡಿಗೆ ಅದು ಬಂದದ್ದೇ 1935ರಲ್ಲಿ. ಅಮೆರಿಕದ ಸರ್ಫರ್ ಟಾಮ್ ಬ್ಲೇಕ್ ಹಳೆಯ ಮೋಟಾರ್ ದೋಣಿಯೊಂದರ ಅಡಿಯಲ್ಲಿದ್ದ ಲೋಹದ ಪಟ್ಟಿಯನ್ನು (ಕೀಲ್) ತಂದು ತಮ್ಮ ಬೋರ್ಡಿನ ಅಡಿಗೆ ಜೋಡಿಸಿದರು. ಅಲ್ಲಿಯವರೆಗೆ ಕಾಲನ್ನು ನೀರಿಗೆ ಇಳಿಬಿಟ್ಟು ದಿಕ್ಕು ಬದಲಿಸುತ್ತಿದ್ದರು. ಈಗ ಎಲ್ಲೆಲ್ಲೂ ಕಾಣುವ ಮೂರು ಫಿನ್ನಿನ ಥ್ರಸ್ಟರ್ ಆಸ್ಟ್ರೇಲಿಯಾದ ಸರ್ಫರ್ ಸೈಮನ್ ಆ್ಯಂಡರ್ಸನ್ ಅವರದು. 1981ರಲ್ಲಿ ಅವರು ಅದರ ಮೇಲೆ ಬೆಲ್ಸ್ ಬೀಚ್ ಸ್ಪರ್ಧೆ ಗೆದ್ದ ಮೇಲೆ ಉಳಿದವರೂ ಅದರ ಹಿಂದೆ ಬಿದ್ದರು.

ನಿಮ್ಮ ಮೊದಲ ಬೋರ್ಡಿಗೆ ಒಂದೇ ಫಿನ್ ಸಾಕು. ಮೂರು ಹಾಕಿದರೆ ಪಕ್ಕದ ಎರಡರ ಕೋನ ಎಡಕ್ಕೂ ಬಲಕ್ಕೂ ಕರಾರುವಾಕ್ಕಾಗಿ ಒಂದೇ ಇರಬೇಕು, ಒಂದು ಡಿಗ್ರಿ ಹೆಚ್ಚು ಕಡಿಮೆ ಆದರೆ ಬೋರ್ಡ್ ಒಂದು ಕಡೆಗೆ ಎಳೆಯುತ್ತದೆ. ಒಂದೇ ಉದ್ದನೆಯ ಫಿನ್ ಬಾಕ್ಸನ್ನು ಸ್ಟ್ರಿಂಗರಿನ ಮೇಲೆ, ಬಾಲದಿಂದ ನಾಲ್ಕೈದು ಇಂಚು ಬಿಟ್ಟು ಕೂರಿಸಿ. ಅದರಲ್ಲಿ ಫಿನ್ನನ್ನು ಹಿಂದಕ್ಕೂ ಮುಂದಕ್ಕೂ ಸರಿಸಬಹುದು. ಹಿಂದೆ ಇಟ್ಟರೆ ಬೋರ್ಡ್ ನೇರ, ನೆಟ್ಟಗೆ ಹೋಗುತ್ತದೆ. ಮುಂದೆ ತಂದರೆ ಬೇಗ ತಿರುಗುತ್ತದೆ. ಗೆಳೆಯ ಕಲಿಯುತ್ತಾ ಹೋದ ಹಾಗೆ ಬೋರ್ಡೂ ಅವನ ಜೊತೆ ಬದಲಾಗುತ್ತದೆ. ಗುಂಡಿ ಕೊರೆಯುವಾಗ ಬಾಕ್ಸಿನ ಆಳಕ್ಕೆ ಸರಿಯಾಗಿ ನಿಲ್ಲಿಸಿ, ರೆಸಿನ್ ಸುರಿದು ಬಾಕ್ಸ್ ಕೂರಿಸಿ, ಮೇಲೊಂದು ತುಂಡು ಬಟ್ಟೆ ಹೊದಿಸಿ.

ಲೀಶ್ ಅಂದರೆ ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ. ಅದನ್ನು ಸಿಕ್ಕಿಸುವ ಲೀಶ್ ಪ್ಲಗ್ ಮೇಲ್ಭಾಗದಲ್ಲಿ, ಬಾಲದಿಂದ ಮೂರು ಇಂಚು ಒಳಗೆ. ಲೀಶ್ ಹೆಚ್ಚು ಕಡಿಮೆ ಬೋರ್ಡಿನಷ್ಟೇ ಉದ್ದ ಇರಲಿ.

ಆಮೇಲೆ ಉಜ್ಜುವುದು. 80, 120, 220. ನೇಯ್ಗೆ ಕಂಡ ತಕ್ಷಣ ಅಲ್ಲಿ ನಿಲ್ಲಿಸಿ, ಬಟ್ಟೆ ಕೊಯ್ದರೆ ಬಲ ಹೋಗುತ್ತದೆ. ಫಿನ್ನಿನ ಅಂಚು, ಮೂತಿಯ ತುದಿ ಮೊಂಡಾಗಿರಲಿ. ಬಿದ್ದಾಗ ತಾಗುವುದು ಅದೇ. ಸೂಜಿಮೊನೆಯಷ್ಟು ತೂತು ಉಳಿದಿದ್ದರೂ ಇಪಿಎಸ್ ನೀರು ಕುಡಿಯುತ್ತದೆ, ಹಾಗಾಗಿ ಟ್ಯೂಬ್‌ಲೈಟ್ ಹಿಡಿದು ಇಂಚಿಂಚು ನೋಡಿ. ಇದೆಲ್ಲ ಮುಗಿದ ಮೇಲೆ ಒಂದು ವಾರ ಬೋರ್ಡನ್ನು ಮುಟ್ಟಬೇಡಿ. ಎಪಾಕ್ಸಿ ಪೂರ್ತಿ ಬಲಿಯಲು ಅಷ್ಟು ದಿನ ಬೇಕು. ಗೆಳೆಯ ದಿನಾ ಫೋನ್ ಮಾಡುತ್ತಾನೆ. ಕೊಡಬೇಡಿ.

ನೀರಿನಲ್ಲಿ

ಬೋರ್ಡ್ ಕೊಡುವಾಗ ಅದರ ಜೊತೆ ನೀರಿನ ಮರ್ಯಾದೆಯನ್ನೂ ಹೇಳಿಕೊಡಿ. ಹೊಸ ಬೋರ್ಡ್ ಸಿಕ್ಕ ಖುಷಿಯಲ್ಲಿ ಎಲ್ಲ ಅಲೆಗೂ ನುಗ್ಗುವವರೇ ಜಾಸ್ತಿ. ಅಲೆ ಮೊದಲು ಮುರಿಯುವ ಜಾಗಕ್ಕೆ ಯಾರು ಹತ್ತಿರ ಇದ್ದಾರೋ ಆ ಅಲೆ ಅವರದು. ಅವರು ಎದ್ದ ಮೇಲೆ ಅವರ ಮುಂದೆ ಇಳಿಯಬಾರದು. ಹೊರಕ್ಕೆ ಈಜುವಾಗ ಅಲೆಯ ಮೇಲೆ ಬರುತ್ತಿರುವವರ ದಾರಿ ಬಿಟ್ಟು ಸುತ್ತಿಕೊಂಡು ಹೋಗಬೇಕು. ಅಡ್ಡ ಸಿಕ್ಕಿಬಿದ್ದರೆ ನೊರೆಯ ಕಡೆಗೆ ಹೋಗಿ, ಅವರ ಮುಂದೆ ಇನ್ನೂ ಮುರಿಯದ ಅಲೆಯ ಹಸಿರು ಗೋಡೆಯ ಕಡೆಗಲ್ಲ. ಬೋರ್ಡನ್ನು ಬಿಸಾಡಿ ಮುಳುಗಬಾರದು, ಹಿಂದೆ ಯಾರಾದರೂ ಇರುತ್ತಾರೆ. ತಪ್ಪಾದರೆ ಅಲ್ಲೇ, ಆಗಲೇ ಕೈಯೆತ್ತಿ ಕ್ಷಮೆ ಕೇಳಬೇಕು.

ಹೊಸ ಜಾಗಕ್ಕೆ ಹೋದರೆ ಅರ್ಧ ಗಂಟೆ ದಡದಲ್ಲಿ ನಿಂತು ನೋಡಿ. ಸೆಳೆತ ಎಲ್ಲಿದೆ, ಬಂಡೆ ಎಲ್ಲಿದೆ, ಯಾರು ಯಾರಿಗೆ ಅಲೆ ಬಿಡುತ್ತಿದ್ದಾರೆ. ಅಲ್ಲಿ ವರ್ಷಗಟ್ಟಲೆ ಇಳಿಯುವವರಿಗೆ ನಮಸ್ಕಾರ ಹೇಳಿ, ಬದಿಯಲ್ಲಿ ಕೂತು, ಅವರು ಬಿಟ್ಟ ಅಲೆ ತಗೊಳ್ಳಿ. ಒಂದೆರಡು ದಿನದಲ್ಲಿ ಅವರೇ "ಇದು ನಿಂದು, ಹೋಗು" ಅಂತ ಕೂಗುತ್ತಾರೆ. ಆ ಕೂಗು ಕೇಳಿದ ದಿನ ನೀವು ಆ ಜಾಗಕ್ಕೆ ಸೇರಿದ ಹಾಗೆ.

ಗುಂಪಿನಲ್ಲಿ ಕೈಯಿಂದ ಮಾಡಿದ ಬೋರ್ಡುಗಳು ಮೂರು ನಾಲ್ಕು ಆದ ಮೇಲೆ, ಅಲೆ ಸಣ್ಣದಿರುವ ಒಂದು ದಿನ ಎಲ್ಲರೂ ಸೇರಿ ಬೋರ್ಡ್ ಬದಲಾಯಿಸಿಕೊಳ್ಳಿ. ಯಾರೂ ತಮ್ಮ ಬೋರ್ಡ್ ಮೇಲೆ ಇಳಿಯಬಾರದು. ದಪ್ಪ ರೇಲಿಗೂ ತೆಳು ರೇಲಿಗೂ ಏನು ಫರಕು ಅಂತ ಎಷ್ಟು ಓದಿದರೂ ತಲೆಗೆ ಹತ್ತದ್ದು ಆ ಒಂದು ಬೆಳಗ್ಗೆ ಕಾಲಿಗೆ ಹತ್ತುತ್ತದೆ. ಇಳಿಯಲು ಹೆದರುವ ಗೆಳೆಯರೂ ಇರುತ್ತಾರಲ್ಲ, ಅವರಿಗೆ ಉಳಿದ ಮರದ ತುಂಡಿನಲ್ಲಿ ಒಂದೂಕಾಲು ಅಡಿಯ ಹ್ಯಾಂಡ್‌ಪ್ಲೇನ್ ಮಾಡಿಕೊಡಿ. ಅಂಗೈಗೆ ಕಟ್ಟಿಕೊಂಡು ಸೊಂಟದ ಮಟ್ಟದ ನೀರಿನಲ್ಲೇ ಅಲೆಯ ಜೊತೆ ಜಾರಬಹುದು. ಒಂದು ದಿನದ ಕೆಲಸ ಅಷ್ಟೇ, ಮೂತಿ ಮೇಲಕ್ಕೆ ಬಾಗಿಸಿ ಅಂಚು ದುಂಡಗೆ ಮಾಡಿದರೆ ಆಯಿತು. ಎಣ್ಣೆ ಹಚ್ಚುವುದಾದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಯಲಿನಲ್ಲಿ ಹರಡಿ ಒಣಗಿಸಿ.

ಬೋರ್ಡ್ ವಾಪಸ್ ಬರುತ್ತದೆ

ಬರಲೇಬೇಕು. ಬಂಡೆಗೆ ತಾಗಿ ಒಡೆದಿರುತ್ತದೆ, ಇಲ್ಲಾ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟು ಗಾಜು ಪದರ ಉಬ್ಬಿರುತ್ತದೆ. ಬಯ್ಯಬೇಡಿ. ಒಡೆದ ಜಾಗ ಕಂಡ ಕೂಡಲೇ ನೀರಿನಿಂದ ಮೇಲೆ ಬರಬೇಕು ಅಂತ ಮಾತ್ರ ಹೇಳಿ. ಒಡಕು ಕೆಳಗೆ ಬರುವಂತೆ ನೆರಳಿನಲ್ಲಿ ನಿಲ್ಲಿಸಿ, ನೀರು ಪೂರ್ತಿ ಬಸಿದು ಒಣಗಲು ಬಿಡಿ, ಎಷ್ಟು ದಿನವಾದರೂ ಸರಿ. ಆಮೇಲೆ ಸಡಿಲವಾದದ್ದನ್ನು ಕತ್ತರಿಸಿ, ರೆಸಿನ್ನಿಗೆ ಮೈಕ್ರೋಬಲೂನ್ ಪುಡಿ ಕಲಸಿ ತುಂಬಿ, ಉಜ್ಜಿ, ಎರಡು ತುಂಡು ಬಟ್ಟೆ ಹಾಕಿ ಮುಚ್ಚಿ.

ರಿಪೇರಿಗೆ ಮೊದಲು, ಕಾಲು ಜಾರದಂತೆ ಬೋರ್ಡಿಗೆ ಹಚ್ಚಿದ ವ್ಯಾಕ್ಸ್ ಕೆರೆದು ತೆಗೆಯುತ್ತೀರಲ್ಲ, ಆಗ ಬೋರ್ಡನ್ನು ಟ್ಯೂಬ್‌ಲೈಟಿನ ನಡುವೆ ಇಟ್ಟು ನೋಡಿ. ಗೆಳೆಯ ಕಾಲೂರಿದ ಕಡೆಯಲ್ಲೆಲ್ಲ ಸಣ್ಣ ಸಣ್ಣ ಗುಳಿ ಬಿದ್ದಿರುತ್ತದೆ. ಹಿಮ್ಮಡಿಯ ಗುರುತು, ಮುಂಗಾಲಿನ ಗುರುತು, ಏಳುವಾಗ ಮಂಡಿ ಊರಿದ ಗುರುತು. ಒಂದು ಸಲ ನನ್ನ ಕೈಗೆ ವಾಪಸ್ ಬಂದ ಬೋರ್ಡಿನಲ್ಲಿ ಮಂಡಿಯ ಗುರುತು ಎರಡೇ ಎರಡು ಇತ್ತು. ಕಲಿತುಬಿಟ್ಟಿದ್ದ. ಹಿಂದಿನ ಕಾಲಿನ ಗುಳಿ ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಐದು ಇಂಚು ಮುಂದಿತ್ತು. ಅಂದರೆ ಬಾಲದ ಆ ಐದು ಇಂಚು ಅವನಿಗೆ ಬೇಕೇ ಆಗಿರಲಿಲ್ಲ. ಟೇಪ್ ಇಟ್ಟು ಒಂದೊಂದು ಗುಳಿಯನ್ನೂ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವನ ಹೆಸರಿನ ಅಚ್ಚನ್ನು ಗೋಡೆಯಿಂದ ಇಳಿಸಿ, ಹಳೆಯ ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದೆ, 6 ಅಡಿ 9 ಇಂಚಿಗೆ.